ಸತ್ಯೇಂದ್ರನಾಥ ಬೋಸರ ಎಣಿಕೆ

ನಮ್ಮ ವ್ಯಾಕರಣವು ನಾಮಪದಗಳನ್ನು ವಿಂಗಡಿಸುವಾಗ ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂಬ ಮೂರು ಬಗೆಗಳನ್ನು ಹೇಳುತ್ತದೆ. ನದಿ, ಪರ್ವತ, ಮನುಷ್ಯ ಎಂಬುವು ರೂಢನಾಮಗಳು. ಕಾವೇರಿ, ಹಿಮಾಲಯ, ರಾಮ ಎಂಬುವು ಅಂಕಿತನಾಮಗಳು. ಅರ್ಥವನ್ನು ಅನುಸರಿಸಿ ಬಂದ ವ್ಯಾಪಾರಿ, ವಿದ್ವಾಂಸ, ಯೋಗಿ ಮೊದಲಾದುವು ಅನ್ವರ್ಥನಾಮಗಳು. ಒಬ್ಬರಿಗೆ ಸೇರಿದ ಅಂಕಿತನಾಮವು ಕಾಲಕ್ರಮದಲ್ಲಿ ರೂಢನಾಮವಾಗಿ ಬಿಡುವುದು ಅಪರೂಪವಾದ ಸಂಗತಿ. ವಿಜ್ಞಾನದಲ್ಲಿ ಅಂಥ ಭಾಗ್ಯವನ್ನು ಪಡೆದ ಹೆಸರುಗಳಲ್ಲಿ ಭಾರತೀಯರೊಬ್ಬರದೂ ಉಂಟು. ವಿಶ್ವದ ಮೂಲಕಣಗಳನ್ನೆಲ್ಲ ವಿಜ್ಞಾನಿಗಳು ಎರಡೇ ಕುಲಗಳಾಗಿ ವಿಂಗಡಿಸಿದ್ದಾರೆ. ಒಂದು ಕುಲಕ್ಕೆ ಇಟಲಿಯ ಎನ್ರಿಕೊ ಫರ್ಮಿಯವರಿಂದ ಫರ್ಮಿಯಾನ್ ಎಂಬ ಹೆಸರು ಬಂದಿದೆ. ಇನ್ನೊಂದಕ್ಕೆ ಕಲ್ಕತ್ತದ ಸತ್ಯೇಂದ್ರನಾಥ ಬೋಸರಿಂದ ಬೋಸಾನ್ ಎಂಬ ಹೆಸರು ಬಂದಿದೆ.

2012ನೆಯ ಇಸವಿಯ ಜುಲೈ 4ರಂದು ಜಿನೀವಾ ನಗರದ ಸಮೀಪದಲ್ಲಿರುವ ಸರ್ನ್ ಸಂಶೋಧನಾಲಯದಿಂದ ಒಂದು ವಾರ್ತೆ ಹೊರಟಿತು. ನೆಲದಡಿಯಲ್ಲಿ 27 ಕಿಲೋಮೀಟರ್ ಸುತ್ತಳತೆಯ ಸುರಂಗದೊಳಗೆ ಪ್ರೋಟಾನುಗಳನ್ನು ಎದುರುಬದುರಾಗಿ ಓಡಿಸಿ ಡಿಕ್ಕಿ ಹೊಡೆಸಿದಾಗ, ಬಹುಕಾಲದಿಂದ ಹುಡುಕುತ್ತಿದ್ದ ಹಿಗ್ಸ್ ಬೋಸಾನಿನ ಲಕ್ಷಣಗಳುಳ್ಳ ಕಣವೊಂದು ಗೋಚರಿಸಿತೆಂಬುದೇ ಆ ವಾರ್ತೆ. ನಾನು ಆಗ ಕಾಲೇಜೊಂದರಲ್ಲಿ ಭೌತವಿಜ್ಞಾನವನ್ನು ಬೋಧಿಸುತ್ತಿದ್ದೆ. ಮರುದಿನ ತರಗತಿಯಲ್ಲಿ, ಈ ಕಣದ ಹೆಸರಿನಲ್ಲಿ ಅರ್ಧಭಾಗ ನಮ್ಮ ದೇಶದ್ದು ಎಂದು ಹೆಮ್ಮೆಯಿಂದ ಘೋಷಿಸಿದೆ. ಹುಡುಗರು ಚಪ್ಪಾಳೆ ತಟ್ಟಿದರು. ಆಗ ಹಿಂದಿನ ಬೆಂಚಿನಲ್ಲಿದ್ದ ಒಬ್ಬ ವಿದ್ಯಾರ್ಥಿನಿ ಎದ್ದು, ಈ ಕಣದ ವಿಷಯ ಬೋಸರಿಗೆ ತಿಳಿದಿತ್ತೆ, ಇದರ ಶೋಧದಲ್ಲಿ ಅವರು ಮಾಡಿದ್ದಾದರೂ ಏನು ಎಂದು ಕೇಳಿದಳು. ನಾನು ಏನೋ ಹೇಳಿ ನುಣುಚಿಕೊಂಡೆ. ಅಭಿಮಾನಕ್ಕೆ ಆಧಾರವನ್ನು ಕೇಳಿದಾಗ ನುಣುಚಿಕೊಳ್ಳುವುದು ಅಧ್ಯಾಪಕನಿಗೆ ಶೋಭಿಸತಕ್ಕ ನಡತೆಯಲ್ಲ. ಆ ಪ್ರಶ್ನೆಯ ಋಣ ನನ್ನ ಮೇಲೆ ಉಳಿದೇ ಇತ್ತು. ಬೋಸರ ಜೀವಿತವನ್ನು ಇಲ್ಲಿ ನಿರೂಪಿಸುವುದು ಆ ಋಣವನ್ನು ತೀರಿಸುವ ಪ್ರಯತ್ನ.

ಸತ್ಯೇಂದ್ರನಾಥ ಬೋಸರು 1894ನೆಯ ಜನವರಿ 1ರಂದು ಕಲ್ಕತ್ತದಲ್ಲಿ ಜನಿಸಿದರು. ತಂದೆ ಸುರೇಂದ್ರನಾಥರು ಈಸ್ಟ್ ಇಂಡಿಯನ್ ರೈಲ್ವೆಯಲ್ಲಿ ಉದ್ಯೋಗಸ್ಥರಾಗಿದ್ದರು. ಏಳು ಮಂದಿ ಮಕ್ಕಳಲ್ಲಿ ಸತ್ಯೇಂದ್ರನೇ ಹಿರಿಯ. ಆರು ಮಂದಿ ತಂಗಿಯರಿಗೆ ಒಬ್ಬನೇ ಅಣ್ಣ. ಬಾಲ್ಯದಿಂದಲೂ ದೃಷ್ಟಿ ಮಂದವಾಗಿತ್ತು. ಆದರೆ ಗಣಿತದಲ್ಲಿ ಮಾತ್ರ ಹುಡುಗನ ಕಣ್ಣು ಬಹು ದೂರ ಹೋಗುತ್ತಿತ್ತು. ಹಿಂದೂ ಸ್ಕೂಲಿನಲ್ಲಿ ಓದುತ್ತಿದ್ದಾಗ ಗಣಿತದ ಉಪಾಧ್ಯಾಯರು ಈ ಹುಡುಗನಿಗೆ ನೂರಕ್ಕೆ ನೂರಹತ್ತು ಅಂಕಗಳನ್ನು ಕೊಟ್ಟರೆಂದೂ, ಒಂದೊಂದು ಲೆಕ್ಕವನ್ನು ಹಲವು ರೀತಿಗಳಲ್ಲಿ ಬಿಡಿಸಿದ್ದೇ ಅದಕ್ಕೆ ಕಾರಣವೆಂದೂ ಪ್ರತೀತಿ. ಕಥೆ ನಿಜವಿರಲಿ ಇಲ್ಲದಿರಲಿ, ಎಲ್ಲರೂ ಒಂದೇ ರೀತಿಯಲ್ಲಿ ಎಣಿಸುವುದನ್ನು ಬೇರೆ ರೀತಿಯಲ್ಲಿ ಎಣಿಸಿ ನೋಡುವ ಸ್ವಭಾವ ಅವರಿಗೆ ಇದ್ದದ್ದಂತೂ ನಿಜ. ಅವರ ಕೀರ್ತಿಗೆಲ್ಲ ಆ ಸ್ವಭಾವವೇ ಬೀಜ.

ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅವರಿಗೆ ಜಗದೀಶಚಂದ್ರ ಬೋಸ್, ಪ್ರಫುಲ್ಲಚಂದ್ರ ರಾಯ್ ಅವರಂಥ ಗುರುಗಳು ದೊರೆತರು. ಮೇಘನಾದ ಸಾಹಾರಂಥ ಸಹಪಾಠಿ ದೊರೆತರು. 1913ರ ಬಿ.ಎಸ್‌ಸಿ. ಪರೀಕ್ಷೆಯಲ್ಲಿಯೂ 1915ರ ಎಂ.ಎಸ್‌ಸಿ. ಪರೀಕ್ಷೆಯಲ್ಲಿಯೂ ಬೋಸರಿಗೆ ಮೊದಲನೆಯ ಸ್ಥಾನ, ಸಾಹಾ ಅವರಿಗೆ ಎರಡನೆಯ ಸ್ಥಾನ. ಮುಂದೆ ನಕ್ಷತ್ರಗಳ ಬೆಳಕನ್ನು ಓದುವ ಸೂತ್ರವನ್ನು ಕೊಟ್ಟು ಲೋಕವಿಖ್ಯಾತರಾದವರು ಇದೇ ಸಾಹಾ. ಸರ್ ಆಶುತೋಷ ಮುಖರ್ಜಿಯವರು ಕಲ್ಕತ್ತ ವಿಶ್ವವಿದ್ಯಾನಿಲಯದಲ್ಲಿ ಹೊಸದಾಗಿ ಸ್ಥಾಪಿಸಿದ ವಿಜ್ಞಾನ ಕಾಲೇಜಿಗೆ ಈ ಇಬ್ಬರು ತರುಣರನ್ನೂ ಕರೆದುಕೊಂಡರು.

ಅದು ಮೊದಲನೆಯ ಮಹಾಯುದ್ಧದ ಕಾಲ. ಹೊಸ ಭೌತವಿಜ್ಞಾನವೆಲ್ಲ ಜರ್ಮನ್ ಭಾಷೆಯಲ್ಲಿ ಹುಟ್ಟುತ್ತಿತ್ತು. ಜರ್ಮನಿಯಿಂದ ಪುಸ್ತಕಗಳು ಬರುವುದು ನಿಂತಿತ್ತು. ಪಾಠ ಹೇಳಬೇಕಾದವರು ಮೊದಲು ತಾವೇ ಪಾಠ ಕಲಿಯಬೇಕಾಗಿತ್ತು. ಬೋಸರೂ ಸಾಹಾ ಅವರೂ ದೊರೆತ ಗ್ರಂಥಗಳನ್ನು ಸಂಗ್ರಹಿಸಿ, ಭಾಷೆಯನ್ನು ಕಲಿತು, ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದ ಪ್ರಬಂಧಗಳನ್ನು ಇಂಗ್ಲಿಷಿಗೆ ಅನುವಾದಿಸಿದರು. ಕಲ್ಕತ್ತ ವಿಶ್ವವಿದ್ಯಾನಿಲಯವು 1920ರಲ್ಲಿ ಅದನ್ನು ಪ್ರಕಟಿಸಿತು. ಮರುವರ್ಷ ಢಾಕಾದಲ್ಲಿ ನೂತನ ವಿಶ್ವವಿದ್ಯಾನಿಲಯವು ಆರಂಭವಾದಾಗ ಬೋಸರು ರೀಡರ್ ಆಗಿ ಅಲ್ಲಿಗೆ ಹೋದರು. ಇಂದು ಬಾಂಗ್ಲಾದೇಶದ ರಾಜಧಾನಿಯಾಗಿರುವ ಆ ಊರಿನಲ್ಲಿಯೇ, ಮೂವತ್ತು ವರ್ಷದ ಅಧ್ಯಾಪಕರೊಬ್ಬರ ಬರೆಹದ ಮೇಜಿನ ಮೇಲೆ, ನಾನು ಹೇಳಲಿರುವ ಎಣಿಕೆ ಹುಟ್ಟಿದ್ದು.

ವಿಷಯವಿಷ್ಟು. ಕಾದ ವಸ್ತುವು ಹೊರಸೂಸುವ ಬೆಳಕಿನಲ್ಲಿ ಯಾವ ಬಣ್ಣದ ಪಾಲು ಎಷ್ಟೆಂಬುದನ್ನು ತಿಳಿಸುವ ನಿಯಮವನ್ನು ಮ್ಯಾಕ್ಸ್ ಪ್ಲಾಂಕರು 1900ರಲ್ಲಿ ಕಂಡುಕೊಂಡಿದ್ದರು. ಶಕ್ತಿಯು ಧಾರೆಯಾಗಿ ಹರಿಯದೆ ಪೊಟ್ಟಣ ಪೊಟ್ಟಣವಾಗಿ ಬರುತ್ತದೆಂದು ಭಾವಿಸಿದ್ದರಿಂದ ಅವರಿಗೆ ಆ ನಿಯಮ ದೊರೆಯಿತು. ಐದು ವರ್ಷಗಳ ತರುವಾಯ ಐನ್‌ಸ್ಟೈನರು ಬೆಳಕು ತಾನೇ ಅಂಥ ಪೊಟ್ಟಣಗಳ ಸಮೂಹವೆಂದು ಸೂಚಿಸಿದರು. ಆದರೆ ಪ್ಲಾಂಕರ ನಿಯಮವನ್ನು ಸಾಧಿಸುವಾಗ ಮಾತ್ರ ಎಲ್ಲರೂ ಅರ್ಧ ದಾರಿಯನ್ನು ಅಲೆಗಳ ಹಳೆಯ ಸಿದ್ಧಾಂತದ ಮೇಲೆ ನಡೆದು, ಉಳಿದ ಅರ್ಧವನ್ನು ಪೊಟ್ಟಣಗಳ ಹೊಸ ಸಿದ್ಧಾಂತದ ಮೇಲೆ ನಡೆಯುತ್ತಿದ್ದರು. ಪರಸ್ಪರ ಒಪ್ಪದ ಎರಡು ಮಾತುಗಳನ್ನು ಜೋಡಿಸಿ ಸರಿಯಾದ ಉತ್ತರವನ್ನು ಪಡೆದಂತಾಗಿತ್ತು. ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದ ಬೋಸರಿಗೆ ಇದು ಸಮಾಧಾನವನ್ನು ಕೊಡಲಿಲ್ಲ. ಅಲೆಗಳ ಪ್ರಸ್ತಾಪವೇ ಇಲ್ಲದೆ, ಬೆಳಕನ್ನು ಕಣಗಳೆಂದು ಮಾತ್ರ ತಿಳಿದು, ಆ ಕಣಗಳು ಲಭ್ಯವಿರುವ ಸ್ಥಿತಿಗಳಲ್ಲಿ ಹೇಗೆ ಹಂಚಿಕೊಳ್ಳಬಹುದೆಂಬುದನ್ನು ಎಣಿಸಿಯೇ ನಿಯಮವನ್ನು ಪಡೆಯಬೇಕೆಂದು ಅವರು ಹೊರಟರು, ಪಡೆದರು.

ಅವರ ಎಣಿಕೆಯಲ್ಲಿ ಹೊಸದೇನು? ಮಕ್ಕಳ ಆಟದಿಂದಲೇ ಅದನ್ನು ತಿಳಿಯಬಹುದು. ಎರಡು ಕವಡೆಗಳನ್ನು ಎಸೆಯೋಣ. ಒಂದೊಂದು ಕವಡೆಯೂ ಅಂಗಾತವಾಗಿ ಬೀಳಬಹುದು, ಇಲ್ಲವೆ ಕವುಚಿ ಬೀಳಬಹುದು. ಎರಡೂ ಅಂಗಾತ, ಎರಡೂ ಕವುಚು, ಮೊದಲನೆಯದು ಅಂಗಾತ ಎರಡನೆಯದು ಕವುಚು, ಮೊದಲನೆಯದು ಕವುಚು ಎರಡನೆಯದು ಅಂಗಾತ, ಹೀಗೆ ನಾಲ್ಕು ಬಗೆಗಳು. ಎರಡೂ ಒಂದೇ ತೆರನಾಗಿ ಬೀಳುವುದು ನಾಲ್ಕರಲ್ಲಿ ಎರಡು ಸಲ, ಎಂದರೆ ಅರ್ಧಕ್ಕೆ ಅರ್ಧ. ಈಗ, ಮೊದಲನೆಯದು ಎರಡನೆಯದು ಎಂಬ ಭೇದವೇ ಸಾಧ್ಯವಿಲ್ಲದಂಥ ಎರಡು ಕವಡೆಗಳನ್ನು ಭಾವಿಸಿಕೊಳ್ಳೋಣ. ಆಗ ಕೊನೆಯ ಎರಡು ಬಗೆಗಳು ಎರಡಲ್ಲ, ಒಂದೇ. ಒಟ್ಟು ಬಗೆಗಳು ಮೂರು. ಮೂರಕ್ಕೂ ಸಮಾನ ಅವಕಾಶವಿದ್ದರೆ, ಎರಡೂ ಒಂದೇ ತೆರನಾಗಿರುವುದು ಮೂರರಲ್ಲಿ ಎರಡು ಸಲ. ಮನೆಯ ಕವಡೆಗಳು ಹೀಗೆ ವರ್ತಿಸುವುದಿಲ್ಲ, ಅವುಗಳನ್ನು ಗುರುತಿಸಬಹುದಾದ್ದರಿಂದ. ಬೆಳಕಿನ ಕಣಗಳು ಹೀಗೆಯೇ ವರ್ತಿಸುತ್ತವೆ.

ಈ ಸಣ್ಣ ಲೆಕ್ಕದಲ್ಲಿ ಅಡಗಿರುವ ಅರ್ಥ ಸಣ್ಣದಲ್ಲ. ಬೆಳಕಿನ ಕಣಗಳಿಗೆ ರೂಢನಾಮವುಂಟು, ಅಂಕಿತನಾಮವಿಲ್ಲ. ಇದು ರಾಮ, ಅದು ಭೀಮ ಎಂದು ಅವುಗಳನ್ನು ಕರೆಯಲಾಗದು. ಅದು ನಮ್ಮ ಕಣ್ಣಿನ ದೋಷವಲ್ಲ, ಅವುಗಳ ಸ್ವಭಾವವೇ ಹಾಗೆ. ಎರಡನೆಯದಾಗಿ, ಹೀಗೆ ಹೆಸರಿಲ್ಲದ ಕಣಗಳಿಗೆ ಒಂದೇ ಸ್ಥಿತಿಯಲ್ಲಿ ಒಟ್ಟುಗೂಡುವ ಒಲವು ಹೆಚ್ಚು. ಒಂದು ಸ್ಥಿತಿಯಲ್ಲಿ ಎಷ್ಟು ಕಣಗಳು ಈಗಾಗಲೇ ನೆರೆದಿವೆಯೋ ಅಷ್ಟೂ ಹೆಚ್ಚಾಗಿ ಮತ್ತೊಂದು ಕಣ ಅಲ್ಲಿಗೇ ಬಂದು ಸೇರುವ ಸಂಭವವಿರುತ್ತದೆ. ಎಲೆಕ್ಟ್ರಾನುಗಳ ರೀತಿ ಇದಕ್ಕೆ ವಿರುದ್ಧ; ಒಂದು ಎಲೆಕ್ಟ್ರಾನು ಇರುವ ಸ್ಥಿತಿಗೆ ಇನ್ನೊಂದು ಪ್ರವೇಶಿಸಲಾರದು. ಪಂಕ್ತಿಯ ಊಟದಲ್ಲಿ ಒಂದು ಎಲೆಗೆ ಒಬ್ಬನೇ ಕುಳಿತುಕೊಳ್ಳುವಂತೆ ಎಲೆಕ್ಟ್ರಾನುಗಳು. ಜಾತ್ರೆಯಲ್ಲಿ ಜನ ಸೇರಿದ ಕಡೆಗೇ ಜನ ಸೇರುವಂತೆ ಬೋಸರ ಕಣಗಳು.

ಬೋಸರು ತಮ್ಮ ಪ್ರಬಂಧವನ್ನು ಇಂಗ್ಲೆಂಡಿನ ಪತ್ರಿಕೆಯೊಂದಕ್ಕೆ ಕಳುಹಿಸಿದರು. ಅಲ್ಲಿ ಅದು ಪ್ರಕಟವಾಗಲಿಲ್ಲ. 1924ನೆಯ ಜೂನ್ 4ರಂದು ಅವರು ಅದನ್ನು ಬರ್ಲಿನ್ನಿನಲ್ಲಿದ್ದ ಐನ್‌ಸ್ಟೈನರಿಗೇ ಕಳುಹಿಸಿದರು. ತಾವು ಅಪರಿಚಿತರಾದರೂ, ಅವರ ಬರೆಹಗಳಿಂದ ಕಲಿತವರೆಲ್ಲ ಅವರ ಶಿಷ್ಯರೇ ಆದ್ದರಿಂದ ಬರೆಯಲು ಸಂಕೋಚವಿಲ್ಲವೆಂದೂ, ಜರ್ಮನ್ ಭಾಷೆಯಲ್ಲಿ ಬರೆಯುವಷ್ಟು ಪ್ರೌಢಿಮೆ ತಮಗಿಲ್ಲವಾದ್ದರಿಂದ, ಯೋಗ್ಯವೆಂದು ತೋರಿದರೆ ಪ್ರಕಟಣೆಗೆ ಏರ್ಪಾಡು ಮಾಡಬೇಕೆಂದೂ ಆ ಪತ್ರದ ತಾತ್ಪರ್ಯ. ದಾಸ್ಯದಲ್ಲಿದ್ದ ದೇಶದ, ಹೆಸರಿಲ್ಲದ ಅಧ್ಯಾಪಕರೊಬ್ಬರು ಯುಗಪುರುಷನಿಗೆ ಹೀಗೆ ಬರೆದದ್ದರಲ್ಲಿ ದೈನ್ಯವೂ ಇಲ್ಲ, ಗರ್ವವೂ ಇಲ್ಲ. ಪತ್ರವನ್ನು ಬರೆದವರ ಘನತೆ ಎಷ್ಟೋ, ಓದಿದವರ ಘನತೆಯೂ ಅಷ್ಟೇ. ಐನ್‌ಸ್ಟೈನರು ಪ್ರಬಂಧವನ್ನು ಸ್ವತಃ ಜರ್ಮನ್ ಭಾಷೆಗೆ ಅನುವಾದಿಸಿ, ಮೆಚ್ಚುಗೆಯ ಟಿಪ್ಪಣಿಯೊಂದನ್ನು ಸೇರಿಸಿ, ಅದೇ ವರ್ಷ ಜರ್ಮನಿಯ ಭೌತವಿಜ್ಞಾನ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಕೆಲವೇ ವರ್ಷಗಳ ಹಿಂದೆ ಬೋಸರು ಐನ್‌ಸ್ಟೈನರ ಅನುವಾದಕರಾಗಿದ್ದರು. ಈಗ ಐನ್‌ಸ್ಟೈನರು ಬೋಸರ ಅನುವಾದಕರಾದರು.

ಐನ್‌ಸ್ಟೈನರು ಅಷ್ಟಕ್ಕೇ ನಿಲ್ಲಲಿಲ್ಲ. ಬೆಳಕಿಗೆ ಒಪ್ಪುವ ಎಣಿಕೆಯನ್ನು ಅವರು ಅನಿಲದ ಪರಮಾಣುಗಳಿಗೂ ಅನ್ವಯಿಸಿದರು. ಅನಿಲವನ್ನು ಸಾಕಷ್ಟು ತಣಿಸಿದರೆ ಅದರ ಪರಮಾಣುಗಳಲ್ಲಿ ದೊಡ್ಡದೊಂದು ಪಾಲು ಅತ್ಯಂತ ಕಡಿಮೆ ಶಕ್ತಿಯ ಒಂದೇ ಸ್ಥಿತಿಗೆ ಇಳಿದು ಏಕೀಭವಿಸುವುದೆಂಬ ವಿಸ್ಮಯಕರವಾದ ತೀರ್ಮಾನ ಆ ಲೆಕ್ಕದಿಂದ ಹೊರಟಿತು. ಎಪ್ಪತ್ತು ವರ್ಷಗಳ ತರುವಾಯ, 1995ರಲ್ಲಿ, ಅಮೆರಿಕದ ಕೊಲರಾಡೊದಲ್ಲಿ ರುಬಿಡಿಯಂ ಪರಮಾಣುಗಳಿಂದ ಆ ಸ್ಥಿತಿಯನ್ನು ಪ್ರತ್ಯಕ್ಷವಾಗಿ ಸಾಧಿಸಿದರು. ಅಸಂಖ್ಯಾತ ಕಣಗಳು ಒಂದೇ ಸ್ಥಿತಿಯಲ್ಲಿ ನೆಲೆಗೊಂಡು, ಒಂದೇ ವಸ್ತುವಿನಂತೆ ವರ್ತಿಸುವುದೆಂಬ ಈ ಕಲ್ಪನೆಯನ್ನು ವಾಚಕರು ನೆನಪಿನಲ್ಲಿಡಬೇಕು. ನಮ್ಮ ಪ್ರಶ್ನೆಯ ಉತ್ತರಕ್ಕೆ ಅದೇ ಸೇತುವೆ.

ಐನ್‌ಸ್ಟೈನರ ಮೆಚ್ಚುಗೆಯ ಬಲದಿಂದ ಬೋಸರಿಗೆ ಎರಡು ವರ್ಷಗಳ ರಜೆ ದೊರೆತು ಯೂರೋಪಿನ ಪ್ರವಾಸವು ಕೂಡಿಬಂದಿತು. ಪ್ಯಾರಿಸ್ಸಿನಲ್ಲಿ ಮೇರಿ ಕ್ಯೂರಿಯವರನ್ನು ಕಂಡಾಗ, ಆಕೆ ಮೊದಲು ಕೆಲವು ತಿಂಗಳು ಫ್ರೆಂಚ್ ಭಾಷೆಯನ್ನು ಕಲಿತು ಬರಬೇಕೆಂದು ಬುದ್ಧಿ ಹೇಳಿದರಂತೆ. ತಮಗೆ ಆ ಭಾಷೆ ಮೊದಲೇ ಬರುತ್ತದೆಂದು ಹೇಳಲು ಬೋಸರಿಗೆ ಸಂಕೋಚ. ಸುಮ್ಮನೆ ಕೇಳಿಕೊಂಡು ಬಂದರಂತೆ. ಮುಂದೆ ಮಾರಿಸ್ ದ ಬ್ರಾಯ್ ಅವರ ಪ್ರಯೋಗಶಾಲೆಯಲ್ಲಿ ಕ್ಷಕಿರಣಗಳ ಕೆಲಸವನ್ನು ಕಲಿತರು. 1925ರಲ್ಲಿ ಬರ್ಲಿನ್ನಿಗೆ ಹೋಗಿ ಐನ್‌ಸ್ಟೈನರನ್ನು ಕಂಡರು. 1926ರಲ್ಲಿ ಢಾಕಾಕ್ಕೆ ಮರಳಿದರು. ಪ್ರಾಧ್ಯಾಪಕರ ಹುದ್ದೆಗೆ ಡಾಕ್ಟರೇಟ್ ಪದವಿ ಇಲ್ಲವೆಂಬ ತೊಡಕು ಎದುರಾಯಿತು. ಜಗತ್ತು ಯಾರ ಹೆಸರಿನಿಂದ ಹೊಸ ಸಾಂಖ್ಯಿಕವನ್ನು ಕರೆಯುತ್ತಿತ್ತೋ ಅವರು ಶಿಫಾರಸು ಪತ್ರವನ್ನು ತರಬೇಕಾಯಿತು. ಐನ್‌ಸ್ಟೈನರ ಶಿಫಾರಸು ಬಂದಿತು. 1927ರಲ್ಲಿ ಬೋಸರು ಪ್ರಾಧ್ಯಾಪಕರಾದರು.

ಅಲ್ಲಿಂದ ಮುಂದೆ ಬೋಸರು ಹೆಚ್ಚಾಗಿ ಪ್ರಬಂಧಗಳನ್ನು ಬರೆಯಲಿಲ್ಲ. ಇದನ್ನು ದೋಷವಾಗಿ ಎಣಿಸಿದವರುಂಟು. ಆದರೆ ಢಾಕಾದಲ್ಲಿ ಪ್ರಯೋಗಶಾಲೆಯನ್ನು ಕಟ್ಟಿದರು, ಕ್ಷಕಿರಣ ಉಪಕರಣಗಳನ್ನು ಅಲ್ಲಿಯೇ ಮಾಡಿಸಿದರು, ರಸಾಯನವಿಜ್ಞಾನದಲ್ಲಿಯೂ ಕೈಯಾಡಿಸಿದರು, ಬಂದ ವಿದ್ಯಾರ್ಥಿಗಳಿಗೆಲ್ಲ ತಮ್ಮ ವೇಳೆಯನ್ನು ಲೆಕ್ಕವಿಡದೆ ಹಂಚಿದರು. ಬಿಡುವಿನಲ್ಲಿ ಎಸ್ರಾಜ್ ವಾದ್ಯವನ್ನು ನುಡಿಸುತ್ತಿದ್ದರು. ರವೀಂದ್ರನಾಥ ಠಾಕೂರರು 1937ರಲ್ಲಿ ಸಾಮಾನ್ಯ ಜನರಿಗಾಗಿ ಬರೆದ ವಿಜ್ಞಾನ ಗ್ರಂಥವಾದ ವಿಶ್ವಪರಿಚಯವನ್ನು ಬೋಸರಿಗೆ ಅರ್ಪಿಸಿದರು. 1945ರಲ್ಲಿ ಅವರು ಕಲ್ಕತ್ತಕ್ಕೆ ಹಿಂದಿರುಗಿದರು. ಅದೇ ವರ್ಷ ಪಾಲ್ ಡಿರ್ಯಾಕರು ಪ್ಯಾರಿಸ್ಸಿನಲ್ಲಿ ಮಾಡಿದ ಉಪನ್ಯಾಸವೊಂದರಲ್ಲಿ, ಬೋಸರ ಎಣಿಕೆಗೆ ಒಳಪಡುವ ಕಣಗಳಿಗೆಲ್ಲ ಬೋಸಾನ್ ಎಂದು ನಾಮಕರಣ ಮಾಡಿದರು. ಅಂಕಿತನಾಮವು ರೂಢನಾಮವಾದದ್ದು ಹೀಗೆ.

ಜೀವನದ ಉತ್ತರಾರ್ಧದಲ್ಲಿ ಬೋಸರ ಮನಸ್ಸನ್ನು ಬಹುವಾಗಿ ತುಂಬಿದ್ದು ಮಾತೃಭಾಷೆಯಲ್ಲಿ ವಿಜ್ಞಾನವನ್ನು ಹೇಳುವ ಕಾರ್ಯ. 1948ರಲ್ಲಿ ಬಂಗೀಯ ವಿಜ್ಞಾನ ಪರಿಷತ್ತನ್ನು ಸ್ಥಾಪಿಸಿ, ಅದರ ಮೂಲಕ ಜ್ಞಾನ ಓ ವಿಜ್ಞಾನ ಎಂಬ ಬಂಗಾಳಿ ಪತ್ರಿಕೆಯನ್ನು ಹೊರಡಿಸಿದರು. 1962ರಲ್ಲಿ ಜಪಾನಿಗೆ ಹೋಗಿದ್ದಾಗ ಅಲ್ಲಿಯ ವಿದ್ವಾಂಸರು ಅತಿ ಗಹನವಾದ ವಿಷಯಗಳನ್ನೂ ತಮ್ಮ ಭಾಷೆಯಲ್ಲಿಯೇ ಚರ್ಚಿಸುತ್ತಿದ್ದುದನ್ನು ಕಂಡು ಅವರ ನಂಬಿಕೆ ಇನ್ನಷ್ಟು ದೃಢವಾಯಿತು. 1918ರಷ್ಟು ಹಿಂದೆಯೇ ಬೆಳ್ಳಾವೆ ವೆಂಕಟನಾರಣಪ್ಪನವರೂ ಅವರ ಸಂಗಡಿಗರೂ ವಿಜ್ಞಾನ ಎಂಬ ಹೆಸರಿನ ಕನ್ನಡ ಪತ್ರಿಕೆಯನ್ನು ನಡೆಸಿದ್ದನ್ನು ಬಲ್ಲ ನಮಗೆ, ಬೋಸರ ಈ ಹಂಬಲ ಅಪರಿಚಿತವಲ್ಲ.

1964ರಲ್ಲಿ ಬೋಸರಿಗೆ ಎಪ್ಪತ್ತು ವರ್ಷ. ಆ ವರ್ಷವೇ, ಅವರಿಗೆ ಯಾವ ಸಂಬಂಧವೂ ಇಲ್ಲದೆ, ದೂರದೇಶಗಳಲ್ಲಿ ಮೂರು ಪ್ರಬಂಧಗಳು ಒಂದರ ಹಿಂದೆ ಒಂದರಂತೆ ಹೊರಬಂದುವು. ಬ್ರಸೆಲ್ಸಿನ ರಾಬರ್ಟ್ ಬ್ರೌಟ್ ಮತ್ತು ಫ್ರಾಂಸ್ವಾ ಆಂಗ್ಲೇರ್ ಅವರದೊಂದು. ಎಡಿನ್‌ಬರೋದ ಪೀಟರ್ ಹಿಗ್ಸರದು ಇನ್ನೊಂದು. ಲಂಡನ್ನಿನಲ್ಲಿದ್ದ ಗುರಾಲ್ನಿಕ್, ಹೇಗನ್, ಕಿಬಲ್ ಎಂಬ ಮೂವರದು ಮತ್ತೊಂದು. ಎಲ್ಲದರ ತಿರುಳೂ ಒಂದೇ: ಬರಿದಾದ ಆಕಾಶವೆಂದು ನಾವು ತಿಳಿದಿರುವುದು ಬರಿದಲ್ಲ, ಅದನ್ನೆಲ್ಲ ವ್ಯಾಪಿಸಿದ ಕ್ಷೇತ್ರವೊಂದಿರಬಹುದು, ಕಣಗಳ ದ್ರವ್ಯರಾಶಿ ಆ ಕ್ಷೇತ್ರದ ದಾನವಾಗಿರಬಹುದು.

ಇಲ್ಲಿ ಕ್ಷೇತ್ರವೆಂದರೆ ಪುಣ್ಯಕ್ಷೇತ್ರವೂ ಅಲ್ಲ, ಉಳುವ ಹೊಲವೂ ಅಲ್ಲ. ಆಕಾಶದ ಪ್ರತಿಯೊಂದು ಬಿಂದುವಿನಲ್ಲಿಯೂ ಒಂದು ಬೆಲೆಯನ್ನು ಪಡೆದಿರುವ ಭೌತಿಕ ಸತ್ತ್ವಕ್ಕೆ ವಿಜ್ಞಾನದಲ್ಲಿ ಕ್ಷೇತ್ರವೆಂದು ಹೆಸರು. ವಿದ್ಯುತ್ ಕ್ಷೇತ್ರ, ಕಾಂತಕ್ಷೇತ್ರ ಇವು ಎಲ್ಲರಿಗೂ ಪರಿಚಿತ. ಇವುಗಳನ್ನು ಅಡಗಿಸಿ ಸೊನ್ನೆಗೆ ತಂದರೆ ಆಕಾಶವು ಅತ್ಯಂತ ಕಡಿಮೆ ಶಕ್ತಿಯ ಸ್ಥಿತಿಗೆ ಬರುತ್ತದೆ. ಹೊಸ ಕ್ಷೇತ್ರದ ರೀತಿಯೇ ಬೇರೆ. ಅದರ ಬೆಲೆ ಸೊನ್ನೆಯಾಗಿರುವುದು ಗುಡ್ಡದ ನೆತ್ತಿಯ ಮೇಲೆ ಗುಂಡುಕಲ್ಲನ್ನು ನಿಲ್ಲಿಸಿದಂತೆ. ಕಲ್ಲು ಅಲ್ಲಿ ನಿಲ್ಲದೆ ಕಣಿವೆಗೆ ಉರುಳುತ್ತದೆ. ಕಣಿವೆಯಲ್ಲಿ ಕ್ಷೇತ್ರಕ್ಕೆ ಸೊನ್ನೆಯಲ್ಲದ ಒಂದು ಬೆಲೆಯುಂಟು. ಆದ್ದರಿಂದ ನಕ್ಷತ್ರಗಳ ನಡುವಿನ ಶೂನ್ಯದಲ್ಲಿಯೂ, ಈ ಪತ್ರಿಕೆಯನ್ನು ಹಿಡಿದಿರುವ ಬೆರಳುಗಳ ಒಳಗೂ, ಆ ಕ್ಷೇತ್ರ ಒಂದೇ ಬೆಲೆಯಿಂದ ತುಂಬಿಕೊಂಡಿದೆ.

ಅದು ದ್ರವ್ಯರಾಶಿಯನ್ನು ಕೊಡುವುದು ಹೇಗೆ? ಕೆಸರುಗದ್ದೆಯಲ್ಲಿ ನಡೆಯುವವನ ಕಾಲನ್ನು ಕೆಸರು ಹಿಡಿಯುವಂತೆ ಎಂದು ಹೇಳುವ ವಾಡಿಕೆಯುಂಟು. ನಾನೂ ಹಾಗೆ ಹೇಳಿದ್ದೇನೆ. ಆ ಉಪಮೆ ದಾರಿ ತಪ್ಪಿಸುತ್ತದೆ. ಕೆಸರಿನಲ್ಲಿ ನಡೆಯುವವನು ಬಳಲಿ ನಿಲ್ಲುತ್ತಾನೆ. ಆಕಾಶದಲ್ಲಿ ಸಾಗುವ ಎಲೆಕ್ಟ್ರಾನು ತನ್ನಷ್ಟಕ್ಕೆ ಬಳಲಿ ನಿಲ್ಲುವುದಿಲ್ಲ. ಅದಕ್ಕಿಂತ ಮೇಲಾದ ಉಪಮೆ ಕೈಮಗ್ಗದಲ್ಲಿದೆ. ಎಲೆಕ್ಟ್ರಾನಿಗೆ ಎಡಮುರಿ, ಬಲಮುರಿ ಎಂದು ಎರಡು ರೂಪಗಳುಂಟು. ಕ್ಷೇತ್ರವಿಲ್ಲದಿದ್ದರೆ ಎರಡೂ ಬೇರೆ ಬೇರೆಯಾಗಿ, ದ್ರವ್ಯರಾಶಿಯೇ ಇಲ್ಲದೆ, ಬೆಳಕಿನ ವೇಗದಲ್ಲಿ ಓಡುತ್ತಿದ್ದುವು. ಪರಮಾಣುಗಳ ಕ್ಷಯಕ್ಕೆ ಕಾರಣವಾದ ದುರ್ಬಲ ಬಲವು ಎಡಮುರಿಯನ್ನು ಮಾತ್ರ ಮುಟ್ಟುತ್ತದೆ, ಬಲಮುರಿಯನ್ನು ಮುಟ್ಟುವುದಿಲ್ಲ. ಆದ್ದರಿಂದ ಒಂದು ರೂಪ ತಾನಾಗಿ ಇನ್ನೊಂದಾಗಲಾರದು. ನಡುವೆ ನಿಂತು ಆ ಬದಲಾವಣೆಯನ್ನು ನಡೆಸಿಕೊಡುವುದು ಈ ಕ್ಷೇತ್ರ. ಲಾಳಿಯು ಎಡಕ್ಕೂ ಬಲಕ್ಕೂ ಮಿಂಚಿನಂತೆ ಓಡಾಡುತ್ತಿರುವಾಗ ಬಟ್ಟೆ ಮಾತ್ರ ನಿಧಾನವಾಗಿ ಮುಂದೆ ಸಾಗುತ್ತದಷ್ಟೆ. ಹಾಗೆಯೇ ಎರಡು ರೂಪಗಳ ನಡುವೆ ಸತತವಾಗಿ ಓಡಾಡುವ ಎಲೆಕ್ಟ್ರಾನು ಒಟ್ಟಿನಲ್ಲಿ ಬೆಳಕಿಗಿಂತ ನಿಧಾನವಾಗಿ ಸಾಗುತ್ತದೆ, ನಿಂತಲ್ಲಿಯೂ ನಿಲ್ಲಬಲ್ಲದು. ಆ ಓಡಾಟ ಎಷ್ಟು ಬಿರುಸೋ ದ್ರವ್ಯರಾಶಿ ಅಷ್ಟು ಹೆಚ್ಚು. ಮೂಲಕಣಗಳಲ್ಲಿ ಅತಿ ಭಾರವಾದ ಟಾಪ್ ಕ್ವಾರ್ಕಿನ ದ್ರವ್ಯರಾಶಿ ಎಲೆಕ್ಟ್ರಾನಿನದಕ್ಕಿಂತ ಸುಮಾರು 3,40,000 ಪಟ್ಟು ಹೆಚ್ಚು. ಈ ಕ್ಷೇತ್ರದೊಡನೆ ಅದರ ಸಂಬಂಧ ಅಷ್ಟು ಗಾಢ. ದುರ್ಬಲ ಬಲವನ್ನು ಹೊರುವ ಡಬ್ಲ್ಯು, ಝಡ್ ಎಂಬ ಕಣಗಳಿಗೂ ಭಾರ ಬಂದದ್ದು ಇದರಿಂದಲೇ. 1983ರಲ್ಲಿ ಅವು ಸಿಕ್ಕಿದಾಗ ಪ್ರೋಟಾನಿಗಿಂತ ಸುಮಾರು 86 ಮತ್ತು 97 ಪಟ್ಟು ಭಾರವಾಗಿದ್ದುವು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನಮ್ಮ ದೇಹದ ಭಾರವೆಲ್ಲ ಈ ಕ್ಷೇತ್ರದಿಂದ ಬಂದದ್ದಲ್ಲ. ಪ್ರೋಟಾನಿನ ಒಳಗಿರುವ ಕ್ವಾರ್ಕುಗಳ ಸ್ವಂತ ದ್ರವ್ಯರಾಶಿ ಪ್ರೋಟಾನಿನ ದ್ರವ್ಯರಾಶಿಯಲ್ಲಿ ನೂರಕ್ಕೆ ಒಂದು ಪಾಲಿನಷ್ಟು ಮಾತ್ರ. ಉಳಿದದ್ದು ಅವುಗಳನ್ನು ಬಿಗಿದಿಟ್ಟಿರುವ ಶಕ್ತಿಯ ರೂಪಾಂತರ. ಆದರೂ ಈ ಕ್ಷೇತ್ರದ ದಾನ ಅಲ್ಪವೆನ್ನುವಂತಿಲ್ಲ. ಎಲೆಕ್ಟ್ರಾನು ಹಗುರವಾದಷ್ಟೂ ಪರಮಾಣು ಹಿಗ್ಗುತ್ತದೆ. ಎಲೆಕ್ಟ್ರಾನಿಗೆ ದ್ರವ್ಯರಾಶಿಯೇ ಇಲ್ಲದಿದ್ದರೆ ಪರಮಾಣುವೇ ಇಲ್ಲ. ಆಗ ಕಲ್ಲಿಲ್ಲ, ನೀರಿಲ್ಲ, ಪ್ರಶ್ನೆ ಕೇಳುವ ವಿದ್ಯಾರ್ಥಿನಿಯಿಲ್ಲ, ನುಣುಚಿಕೊಳ್ಳುವ ಅಧ್ಯಾಪಕನೂ ಇಲ್ಲ.

ಕೊಳದ ನೀರನ್ನು ಕಲಕಿದರೆ ಅಲೆಯೇಳುವಂತೆ, ಈ ಕ್ಷೇತ್ರವನ್ನು ಸಾಕಷ್ಟು ಬಲವಾಗಿ ಕಲಕಿದರೆ ಅದರಲ್ಲಿ ಏಳುವ ಅಲೆಯೇ ಹಿಗ್ಸ್ ಬೋಸಾನು. ಪ್ರೋಟಾನಿಗಿಂತ ಸುಮಾರು 133 ಪಟ್ಟು ಭಾರವಾದ ಆ ಅಲೆಯನ್ನು ಎಬ್ಬಿಸಲು 27 ಕಿಲೋಮೀಟರಿನ ಯಂತ್ರ ಬೇಕಾಯಿತು. ಬೋಸರು ಅದನ್ನು ಕಾಣಲಿಲ್ಲ. ವಿಶ್ವಭಾರತಿಯ ಉಪಕುಲಪತಿಗಳಾಗಿ, 1958ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರಾಗಿ, 1959ರಿಂದ ರಾಷ್ಟ್ರೀಯ ಪ್ರಾಧ್ಯಾಪಕರಾಗಿ ಗೌರವಗಳನ್ನು ಪಡೆದು, 1974ನೆಯ ಫೆಬ್ರವರಿ 4ರಂದು ಕಲ್ಕತ್ತದಲ್ಲಿ ಅವರು ತೀರಿಕೊಂಡರು. ನೊಬೆಲ್ ಪಾರಿತೋಷಕಕ್ಕೆ ಅವರ ಹೆಸರನ್ನು ಸೂಚಿಸಿದವರಿದ್ದರೂ ಅದು ಅವರಿಗೆ ದೊರೆಯಲಿಲ್ಲ. 2013ರ ಪಾರಿತೋಷಕವು ಆಂಗ್ಲೇರ್ ಮತ್ತು ಹಿಗ್ಸರಿಗೆ ಸಂದಿತು. ಬ್ರೌಟರು 2011ರಲ್ಲಿಯೇ ತೀರಿಕೊಂಡಿದ್ದರು.

ಈಗ ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ. ಹಿಗ್ಸ್ ಕ್ಷೇತ್ರವನ್ನು ಬೋಸರು ಕಲ್ಪಿಸಲಿಲ್ಲ, ಆ ಕಣವನ್ನು ಅವರು ಮುಂದಾಗಿ ಹೇಳಲಿಲ್ಲ. ಹೆಸರಿನ ಅರ್ಧಭಾಗವನ್ನು ತೋರಿಸಿ ಶೋಧದ ಅರ್ಧಭಾಗ ನಮ್ಮದೆನ್ನುವುದು ಸತ್ಯವಲ್ಲ. ನಾನು ಅಂದು ಚಪ್ಪಾಳೆ ಗಿಟ್ಟಿಸಿದ ಮಾತು ತಪ್ಪು. ಬೋಸರಂಥ ಸಂಕೋಚದ ಮನುಷ್ಯರ ಹೆಸರಿನಲ್ಲಿ ಸಲ್ಲದ ಪಾಲನ್ನು ಕೇಳುವುದು ಅವರಿಗೆ ಮಾಡುವ ಗೌರವವೂ ಅಲ್ಲ.

ಆದರೆ ಸಲ್ಲುವ ಪಾಲೊಂದುಂಟು; ಅದು ನಾನು ಕೇಳಿದ್ದಕ್ಕಿಂತ ಆಳವಾದದ್ದು. ಕ್ಷೇತ್ರವೊಂದು ಎಲ್ಲೆಡೆಯೂ ಒಂದೇ ಬೆಲೆಯಿಂದ ತುಂಬಿ ನಿಲ್ಲಬೇಕಾದರೆ, ಅದು ಒಂದೇ ಸ್ಥಿತಿಯಲ್ಲಿ ಲೆಕ್ಕವಿಲ್ಲದಷ್ಟು ಕೂಡಬಲ್ಲ ಕುಲದ ಕ್ಷೇತ್ರವಾಗಿರಬೇಕು. ಎಲೆಗೊಬ್ಬರಂತೆ ಕೂರುವ ಎಲೆಕ್ಟ್ರಾನುಗಳ ಕುಲಕ್ಕೆ ಅದು ಸಾಧ್ಯವಿಲ್ಲ. 1964ರ ಪ್ರಬಂಧಗಳಿಗೆ ಮಾದರಿಯಾದದ್ದು ಅತಿವಾಹಕ ಲೋಹಗಳ ಸಿದ್ಧಾಂತ. ಬಹಳವಾಗಿ ತಣಿಸಿದ ಕೆಲವು ಲೋಹಗಳಲ್ಲಿ ಎಲೆಕ್ಟ್ರಾನುಗಳು ಜೋಡಿಗೂಡಿ, ಬೋಸರ ಕಣಗಳ ಸ್ವಭಾವವನ್ನು ತಾಳಿ, ಒಂದೇ ಸ್ಥಿತಿಗೆ ಇಳಿಯುತ್ತವೆ. ಅಂಥ ಲೋಹದ ಒಳಗೆ ಬೆಳಕಿನ ಕಣವೂ ದ್ರವ್ಯರಾಶಿಯಿದ್ದಂತೆ ವರ್ತಿಸುತ್ತದೆ. ಆದ್ದರಿಂದಲೇ ಕಾಂತಕ್ಷೇತ್ರ ಅದರೊಳಕ್ಕೆ ದೂರ ಹೋಗಲಾರದು. ಜಪಾನಿನಲ್ಲಿ ಹುಟ್ಟಿದ ಯೊಇಚಿರೊ ನಂಬು, ಅಮೆರಿಕದ ಫಿಲಿಪ್ ಆಂಡರ್ಸನ್ ಮೊದಲಾದವರು ಈ ಲೋಹಗಳಿಂದ ಪಾಠ ಕಲಿತು, ಆಕಾಶವೇ ಅಂಥದೊಂದು ಮಾಧ್ಯಮವಾಗಿರಬಾರದೇಕೆ ಎಂಬ ಆಲೋಚನೆಗೆ ದಾರಿ ಮಾಡಿದರು. ಢಾಕಾದ ಎಣಿಕೆಯಿಂದ ಐನ್‌ಸ್ಟೈನರ ಅನಿಲಕ್ಕೆ, ಅಲ್ಲಿಂದ ಲೋಹಕ್ಕೆ, ಲೋಹದಿಂದ ಆಕಾಶಕ್ಕೆ: ದಾರಿ ಉದ್ದವಾದರೂ ಕಡಿದಿಲ್ಲ. ಹಿಗ್ಸ್ ಬೋಸಾನ್ ಎಂಬ ಮಾತಿನಲ್ಲಿ ಬೋಸಾನ್ ಎಂಬುದು ರೂಢನಾಮ ಮಾತ್ರವಲ್ಲ, ಅನ್ವರ್ಥನಾಮವೂ ಹೌದು. ಬೋಸರು ಎಣಿಸಿದ ಬೆಳಕಿನ ಕಣವನ್ನಾದರೋ ಈ ಕ್ಷೇತ್ರವು ಮುಟ್ಟದೆ ಬಿಟ್ಟಿದೆ. ಅದಕ್ಕೆ ಇಂದಿಗೂ ಭಾರವಿಲ್ಲ.

2012ರಲ್ಲಿ ಇನ್ನೊಂದು ಆಕ್ಷೇಪ ಕೇಳಿಬಂದಿತ್ತು. ಇಂಗ್ಲಿಷಿನಲ್ಲಿ ಹಿಗ್ಸ್ ಎಂಬುದನ್ನು ದೊಡ್ಡ ಅಕ್ಷರದಿಂದಲೂ ಬೋಸಾನ್ ಎಂಬುದನ್ನು ಚಿಕ್ಕ ಅಕ್ಷರದಿಂದಲೂ ಆರಂಭಿಸುವುದು ಬೋಸರಿಗೆ ಅಪಚಾರವೆಂದು ಹಲವರು ನೊಂದುಕೊಂಡರು. ರೂಢನಾಮಕ್ಕೆ ಚಿಕ್ಕ ಅಕ್ಷರವೆಂಬುದು ಆ ಭಾಷೆಯ ನಿಯಮ. ಫರ್ಮಿಯವರ ಹೆಸರಿಗೂ ಅದೇ ಗತಿ. ಬೋಸರಿಗೆ ಅಪಚಾರವೇನಾದರೂ ಆಗುವುದಿದ್ದರೆ ಅದು ಅಕ್ಷರದ ಗಾತ್ರದಿಂದಲ್ಲ. ಅವರ ಹೆಸರನ್ನು ಹೊಗಳಿ, ಅವರ ಎಣಿಕೆಯನ್ನು ಕಲಿಯದೆ ಬಿಡುವುದರಿಂದ. ಅವರು ವಿಜ್ಞಾನವನ್ನು ಹೇಳಬಯಸಿದ ಬಂಗಾಳಿಯಲ್ಲಿಯಾಗಲಿ, ನಾನು ಇದನ್ನು ಬರೆಯುತ್ತಿರುವ ಕನ್ನಡದಲ್ಲಿಯಾಗಲಿ, ದೊಡ್ಡಕ್ಷರ ಚಿಕ್ಕಕ್ಷರಗಳೆಂಬ ಭೇದವೇ ಇಲ್ಲ.